ಬಿಚ್ಚದೆ ವಾಪಸ್ ಬಂದ ಹಾಸುಬಟ್ಟೆ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಆಕೆ ಇಪ್ಪತ್ತೆರಡು ವರ್ಷದಿಂದ ಒಗೆದ ಬಟ್ಟೆ ಮಡಿಸುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಮಡಿಕೆಯಕ್ಕ. ಹೊಸಬರು ಯಾರಾದರೂ ಇವಳು ಮೊದಲು ಮಡಕೆ ಮಾರುತ್ತಿದ್ದಳೇನೋ ಅಂದುಕೊಂಡರೆ, "ನನ್ನ ಕೈಯಲ್ಲಿ ಮಣ್ಣು ಕಾಣಿಸ್ತಾ? ಬರೀ ಸೋಪಿನ ಪುಡಿ ಕಣ್ರೀ," ಎಂದು ನಗುತ್ತಿದ್ದಳು. ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಎರಡು, ಕೊನೆಗೆ ಎಡಮೂಲೆಯನ್ನು ಕಿವಿ ಹಿಂಡಿದ ಹಾಗೆ ಒಳಕ್ಕೆ ತುರುಕುವುದು ಅವಳ ಪದ್ಧತಿ. ಮನೆಯಲ್ಲಿ ಅವಳ ಗಂಡ ಟವೆಲ್ ಬಿಡಿಸಲಿಕ್ಕೂ ಹಿಂದೆಮುಂದೆ ನೋಡುತ್ತಿದ್ದ.

ಒಂದು ಸೋಮವಾರ ಹೊಸ ಮ್ಯಾನೇಜರ್ ಮೆಟ್ಟಿಲಿಳಿದು ಬಂದರು. ಖರ್ಚು ಕೈಮೀರಿದೆ, ಇಲ್ಲಿ ಒಂಬತ್ತು ಜನ ಜಾಸ್ತಿಯಾಯಿತು, ತಿಂಗಳ ಕೊನೆಗೆ ಇಬ್ಬರನ್ನು ಬಿಡಬೇಕಾಗುತ್ತದೆ ಅಂದರು. ಯಂತ್ರಗಳ ಸದ್ದಿನಲ್ಲಿ ಅರ್ಧ ಜನಕ್ಕೆ ಕೇಳಿಸಲೇ ಇಲ್ಲ. ಮಡಿಕೆಯಕ್ಕನಿಗೆ ಕೇಳಿಸಿತು. ಕೊನೆಯಲ್ಲಿ ಸೇರಿದ್ದವರು ಇಸ್ತ್ರಿ ಮೇಜಿನ ಅಕ್ಕತಂಗಿಯರು. ಅಕ್ಕ ಬಾಯಿ ತೆರೆಯುವ ಮುಂಚೆಯೇ ತಂಗಿ ನಗುವಂಥ ಜೋಡಿ. ಅವರಿಲ್ಲದ ಕೋಣೆಯನ್ನು ನೆನೆದು ಅವಳು ಎಡಮೂಲೆ ತುರುಕುವುದನ್ನೇ ಮರೆತಳು.

ಆ ಶನಿವಾರ ಕೊಳೆಬಟ್ಟೆ ವಿಂಗಡಿಸುವವ ರಜೆ ಹಾಕಿದ್ದ. ಗೋಡೆಯಾಚೆಯ ಆ ಕೆಲಸಕ್ಕೆ ಮಡಿಕೆಯಕ್ಕ ಹೋಗಿದ್ದು ಅದೇ ಮೊದಲು. ಗಾಡಿಯೊಳಗೆ ಕೈಹಾಕಿದವಳು ಹಾಗೇ ನಿಂತುಬಿಟ್ಟಳು. ಮೂರು ಮಡಿಕೆ, ಎರಡು ಮಡಿಕೆ, ಒಳಕ್ಕೆ ತುರುಕಿದ ಕಿವಿ. ಅವಳದೇ ಕೈ. ಗಾಡಿಯ ಮೂರನೇ ಒಂದು ಪಾಲು ಬಟ್ಟೆ ಬಿಚ್ಚದೆಯೇ ವಾಪಸ್ ಬಂದಿತ್ತು.

ಸೀದಾ ಮೇಲಿನ ವಾರ್ಡಿಗೆ ಹೋಗಿ ದೊಡ್ಡ ಸಿಸ್ಟರನ್ನು ಹಿಡಿದಳು. "ಹಾಸದೇ ಇರೋ ಬಟ್ಟೆ ಯಾಕೆ ಒಗೆಯೋಕೆ ಹಾಕ್ತೀರಿ?"

"ಪ್ರತಿ ಶನಿವಾರ ಕಪಾಟು ಖಾಲಿ ಮಾಡಿ ಅಂತ ಸುತ್ತೋಲೆ ಇದೆಯಲ್ಲ," ಎಂದು ಸಿಸ್ಟರ್ ಬಾಗಿಲ ಹಿಂದಿನ ಹಳದಿ ಕಾಗದ ತೋರಿಸಿದರು.

ಮಡಿಕೆಯಕ್ಕ ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಓದಿದಳು. ಮರದ ಕಪಾಟುಗಳಿಗೆ ಜಿರಳೆ ಬಿದ್ದಿರುವುದರಿಂದ, ಹೊಸ ಕಪಾಟು ಬರುವವರೆಗೆ ಮಾತ್ರ. ಕಾಗದಕ್ಕೆ ಹದಿನಾಲ್ಕು ವರ್ಷ. ಪಕ್ಕದಲ್ಲೇ ಸ್ಟೀಲ್ ಕಪಾಟು ಮಿಂಚುತ್ತಿತ್ತು.

"ಈ ಕಪಾಟು ಬಂದಾಗ ಸಹಿ ಹಾಕಿದ್ದು ನಾನೇ," ಎಂದ ಸಿಸ್ಟರ್ ನಗು ತಡೆಯಲಾರದೆ ಕುರ್ಚಿ ಹಿಡಿದು ಕೂತರು.

ಸೋಮವಾರ ಬೆಳಗ್ಗೆ ಮಡಿಕೆಯಕ್ಕ ಬಿಚ್ಚದ ಬಟ್ಟೆಗಳನ್ನಷ್ಟೇ ಗಾಡಿಗೆ ತುಂಬಿ ಲಿಫ್ಟಿನಲ್ಲಿ ಏರಿಸಿ ಮ್ಯಾನೇಜರ್ ಕೋಣೆಗೆ ತಳ್ಳಿದಳು. "ಇದರಲ್ಲಿ ಕೊಳೆ ಹುಡುಕಿಕೊಡಿ, ಸಾರ್."

ಅವರು ಒಂದು ಬಿಚ್ಚಿದರು, ಎರಡು ಬಿಚ್ಚಿದರು. ವಾಪಸ್ ಮಡಿಸಲು ಹೋಗಿ ಸೋತರು. ಅವಳು ವಾರ್ಡಿನಿಂದ ತಂದಿದ್ದ ಸುತ್ತೋಲೆ ಮುಂದಿಟ್ಟಳು. "ಇಬ್ಬರನ್ನ ಬಿಡೋ ಮುಂಚೆ ಇದನ್ನ ಬಿಡಿ."

ಮ್ಯಾನೇಜರ್ ಓದಿ ತಲೆಯೆತ್ತಿದರು. "ಸರಿಯಮ್ಮ. ಆದರೆ ಒಗೆಯೋದು ಇಷ್ಟು ಕಡಿಮೆಯಾದರೆ ಜನ ಇನ್ನೂ ಕಡಿಮೆ ಸಾಕಲ್ಲ?"

ಅದು ಅವಳಿಗೆ ಹೊಳೆದೇ ಇರಲಿಲ್ಲ. ತನ್ನ ಕೈಯಾರೆ ಇನ್ನಿಬ್ಬರ ಅನ್ನಕ್ಕೆ ಕಲ್ಲು ಹಾಕಿದೆನೇ ಅಂದುಕೊಳ್ಳುತ್ತಿರುವಾಗ ಕಿಟಕಿಯಾಚೆ ಹೊರಗಿನ ಲಾಂಡ್ರಿ ಕಂಪನಿಯ ವ್ಯಾನು ಹಾರನ್ ಹೊಡೆಯಿತು. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನು ಅದು ದಿನಾ ಒಯ್ಯುತ್ತಿತ್ತು.

"ಅದನ್ನ ಯಾಕೆ ಹೊರಗೆ ಕಳಿಸ್ತಾರೆ, ಗೊತ್ತಾ ಸಾರ್? ನಮಗೆ ಪುರುಸೊತ್ತಿಲ್ಲ ಅಂತ. ಇನ್ನು ಪುರುಸೊತ್ತಿದೆ. ನಮಗೇ ಕೊಡಿ."

ಅವರು ಯೋಚಿಸಲು ಒಂದು ವಾರ ಸಮಯ ಕೇಳಿದರು. ನಾಲ್ಕನೇ ದಿನಕ್ಕೇ ಒಪ್ಪಿದರು. ವ್ಯಾನು ನಿಂತಿತು, ಅಕ್ಕತಂಗಿಯರು ಉಳಿದರು. ಮಡಿಕೆಯಕ್ಕನಿಗೆ ಮಾತ್ರ ತಪ್ಪಿಸಿಕೊಳ್ಳಲಾಗದ ಬಹುಮಾನ ಸಿಕ್ಕಿತು: ಉಳಿತಾಯ ಸಮಿತಿಯ ಸದಸ್ಯತ್ವ.

ಮೊದಲ ಸಭೆಯಲ್ಲಿ ಉದ್ದನೆಯ ಮೇಜಿನ ಸುತ್ತ ಹದಿನಾಲ್ಕು ಜನ. ಅರ್ಧ ಗಂಟೆ ಕೇಳಿಸಿಕೊಂಡು ಅವಳು ಮೆಲ್ಲಗೆ ಕೇಳಿದಳು, "ಇವತ್ತಿನ ವಿಷಯ ಅಡುಗೆಮನೆಯದ್ದಲ್ವಾ? ಅದಕ್ಕೆ ಸಂಬಂಧ ಇಲ್ಲದೋರು ಎಷ್ಟು ಜನ ಇದೀವಿ?"

ಒಬ್ಬರ ಮುಖ ಒಬ್ಬರು ನೋಡಿಕೊಂಡು ಹತ್ತು ಮಂದಿ ಕೈಯೆತ್ತಿದರು. ಅವರಲ್ಲಿ ಅವಳೂ ಒಬ್ಬಳು. ಮ್ಯಾನೇಜರ್ ನಗುತ್ತಾ ಬಾಗಿಲ ಕಡೆ ಕೈ ತೋರಿಸಿದರು. ಹತ್ತೂ ಜನ ಶಾಲೆ ಬೇಗ ಬಿಟ್ಟಷ್ಟು ಖುಷಿಯಿಂದ ಹೊರಗೆ ನಡೆದರು. ಎಲ್ಲರಿಗಿಂತ ಮುಂದೆ ಮಡಿಕೆಯಕ್ಕ.