ಬಾವಿಗೂ ಸಕ್ಕರೆ ಕಾಯಿಲೆ

೧೯೬೧ರಲ್ಲಿ ನಾನು ಸಿದ್ದಾಪುರದ ಒಂದು ಸಣ್ಣ ದವಾಖಾನೆಗೆ ಲ್ಯಾಬ್ ಸಹಾಯಕನಾಗಿ ಸೇರಿದೆ. ಈಗ ಸೇವೆ ಒಂದು ವರ್ಷ ದಾಟಿದೆ, ವಯಸ್ಸು ಹದಿನೆಂಟು ತುಂಬಿದೆ. ಇಷ್ಟು ಸುದೀರ್ಘ ಅನುಭವವನ್ನು ಬರೆದಿಡದಿದ್ದರೆ ವೈದ್ಯಲೋಕಕ್ಕೇ ನಷ್ಟ.

ನನ್ನ ಮುಖ್ಯ ಕೆಲಸ ಬೆನೆಡಿಕ್ಟ್ ಟೆಸ್ಟ್. ಬೆನೆಡಿಕ್ಟ್ ದ್ರಾವಣವೆಂಬ ನೀಲಿ ನೀರಿಗೆ ಕೆಲವು ಹನಿ ಮೂತ್ರ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ದಾಟಿ ಇಟ್ಟಿಗೆ ಕೆಂಪಾದರೆ ಬಹಳ ಇದೆ. ಟ್ಯೂಬ್ ಹಿಡಿದಾಗ ನನ್ನ ಮಣಿಕಟ್ಟು ತಿರುಗುವ ಚಂದಕ್ಕೆ ಯಕ್ಷಗಾನದ ಸ್ತ್ರೀವೇಷದವರೂ ನಾಚಬೇಕು.

ಆ ಚಳಿಗಾಲ ತ್ಯಾಗಲಿಯ ಶಾಲೆಯಲ್ಲಿ ಶಿಬಿರ ನಡೆಸಿದೆವು. ಊರವರೆಲ್ಲರ ಪರೀಕ್ಷೆ. ದವಾಖಾನೆಯಲ್ಲಿ ಅಷ್ಟು ಬಾಟ್ಲಿ ಇರಲಿಲ್ಲ; ಮೂತ್ರವನ್ನು ಮನೆಯ ಬಾಟ್ಲಿಯಲ್ಲೇ ತನ್ನಿ ಎಂದು ಹೇಳಿ ಕಳಿಸಿದ್ದೆವು. ಮಾದೇವಕ್ಕ ಎಂಬ ಅಜ್ಜಿ ಏಳು ವರ್ಷದ ಮೊಮ್ಮಗಳು ಗೌರಿಯದನ್ನು ತಂದಿದ್ದರು. ಕುದಿಸಿದೆ. ಹಂಚಿನ ಕಾರ್ಖಾನೆಯೇ ಕರಗಿ ಬಿದ್ದಂತೆ ಕೆಂಪು! ಸಕ್ಕರೆ ಕಾಯಿಲೆ ಎಂದು ಕೂಗಿಯೇಬಿಟ್ಟೆ.

ನಮ್ಮ ಕಡೆ ಮಗುವಿಗೆ ಸಕ್ಕರೆ ಕಾಯಿಲೆಯೆಂದರೆ ದಿನವೂ ಇನ್ಸುಲಿನ್ ಸೂಜಿ. ಔಷಧಿ ಹುಬ್ಬಳ್ಳಿಯಿಂದ ಬರಬೇಕು. ತಪ್ಪಿದರೆ ಮಗು ಉಳಿಯುವುದು ಕಷ್ಟ. ಅಜ್ಜಿಗೆ ಅದು ಗೊತ್ತಿತ್ತು.

"ತಮಾ, ಸೂಜಿ ಯಂಗೆ ಹಾಕಿ. ಕೂಸಿನ ಪಾಲಿಂದೂ ಯಂಗೇ ಹಾಕಿ," ಎಂದು ನನ್ನ ಕೈ ಹಿಡಿದು, ತನಗೇ ಹಾಕಿ ಎಂಬಂತೆ ತಮ್ಮ ತೋಳು ಚಾಚಿದರು.

ಹಾವೇರಿ ಕಡೆಯ ನಮ್ಮ ಡಾಕ್ಟರಮ್ಮ ಮಕ್ಕಳು ಲೆಕ್ಕ ಕಲಿಯುವ ಹುಣಸೆ ಬೀಜಗಳನ್ನು ಮೇಜಿನ ಮೇಲೆ ಸುರಿದರು.

"ಇವು ನೂರು ಮಕ್ಕಳು ಅಂತ ತಿಳ್ಕೊಳ್ರಿ. ಖರೇ ಕಾಯಿಲೆ ಒಬ್ಬರಿಗೆ ಐತಿ ಅನ್ರಿ. ಉಳಿದವರೊಳಗ ಐದು ಮಂದಿಗೆ ಪರೀಕ್ಷೆ ಸುಮ್ಮನ ಕೆಂಪು ತೋರಿಸ್ತು ಅನ್ರಿ. ಕೆಂಪಾದವರು ಆರು. ಕಾಯಿಲೆ ಇರೋರು ಎಷ್ಟು?"

"ಒಂದು! ಐದು ಸುಳ್ಳು!" ಗೌರಿ ಕುಣಿದಳು.

ಅಜ್ಜಿ ಬೀಜಗಳನ್ನೇ ನೋಡುತ್ತಿದ್ದರು. "ಆ ಒಂದು ನಮ್ಮನೆದೇ ಆದ್ರೆ?"

"ಅದಕ್ಕ ಮತ್ತೊಮ್ಮೆ ನೋಡೂಣು. ಹುಡುಗಿ ನೀರು ಭಾಳ ಕುಡೀತಾಳೇನ್ರಿ? ಸೊರಗ್ಯಾಳೇನು?"

"ಎಂತದೂ ಇಲ್ಲೆ. ಮರ ಹತ್ತತು, ಬೀಳ್ತು, ಮತ್ತೂ ಹತ್ತತು."

ಬಾಯಾರಿ, ಸೊರಗಿ ದವಾಖಾನೆಗೆ ಬಂದವರ ಕೆಂಪಿಗೆ ತೂಕ ಹೆಚ್ಚು. ಆರೋಗ್ಯವಾಗಿ ಕುಣಿಯುವವರನ್ನೆಲ್ಲ ಹಿಡಿದು ಪರೀಕ್ಷಿಸಿದಾಗ ಕಾಣುವ ಕೆಂಪಿನಲ್ಲಿ ಸುಳ್ಳೇ ಜಾಸ್ತಿ ಇರಬಹುದು. ಇದು ಡಾಕ್ಟರಮ್ಮನ ಮಾತು. ನನ್ನದೆಂದು ಆಮೇಲೆ ಹಲವರಿಗೆ ಹೇಳಿದ್ದೇನೆ.

"ಬಾಟ್ಲಿ ಯಾವುದ್ರಿ ಅಜ್ಜಿ?"

"ಜೋನಿಬೆಲ್ಲದ್ದು. ನಾನೇ ಚೊಲೋ ತೊಳದಿದ್ದಿ."

ನೀರಾಗಿ ಅಂಟುವ ಆ ಬೆಲ್ಲ ನಮ್ಮ ಕಡೆ ದೋಸೆಗೆ ಬೇಕೇ ಬೇಕು; ಅದು ಖಾಲಿಯಾದ ಬಾಟ್ಲಿಗೆ ಮನೆಯಲ್ಲಿ ನೂರೆಂಟು ಕೆಲಸ. ಡಾಕ್ಟರಮ್ಮ ಕಣ್ಣಲ್ಲೇ ಸೂಚಿಸಿದರು. ನಾನು ಅದೇ ಬಾಟ್ಲಿಗೆ ಶಾಲೆಯ ಬಾವಿಯ ನೀರು ಹಾಕಿ, ಕುಲುಕಿ, ಕುದಿಸಿದೆ. ಇಟ್ಟಿಗೆ ಕೆಂಪು! ಬಾವಿಗೂ ಸಕ್ಕರೆ ಕಾಯಿಲೆ!

ಆದರೂ ಅಜ್ಜಿ ನಗಲಿಲ್ಲ. ಬಾಟ್ಲಿಗೆ ಅಂಟಿದ್ದ ಬೆಲ್ಲ ಸುಳ್ಳು ಹೇಳಿತೆಂದ ಮಾತ್ರಕ್ಕೆ ಮಗು ಆರೋಗ್ಯವಾಗಿದೆ ಎಂದಾಗಲಿಲ್ಲವಲ್ಲ. ಇನ್ನೊಮ್ಮೆ ಮೂತ್ರ ಬೇಕು. ಗೌರಿಗೋ ಬರಲೊಲ್ಲದು. ಮಜ್ಜಿಗೆ ಕುಡಿಸಿದೆವು. ಅವಳೆದುರು ನೀರು ಸುರಿದೆವು. ನಾನು 'ಸುಸ್' ಎಂದು ಊದಿ ಊದಿ, ಕೊನೆಗೆ ನಾನೇ ಹೊರಗೆ ಓಡಬೇಕಾಯಿತು. ಅದನ್ನು ನೋಡಿ ಅವಳಿಗೆ ನಗು ಬಂತು. ನಗುವಿನ ಹಿಂದೆ ಉಳಿದದ್ದೂ ಬಂತು.

ಬಿಸಿನೀರಲ್ಲಿ ತೊಳೆದ ಗ್ಲಾಸು, ಹೊಸ ಟ್ಯೂಬು. ಕುದಿಯಿತು. ಮಣಿಕಟ್ಟಿನ ಚಂದವೆಲ್ಲ ಮರೆತು ಟ್ಯೂಬನ್ನೇ ನೋಡುತ್ತಿದ್ದೆ. ನೀಲಿ. ಇನ್ನೂ ಕುದಿಸಿದೆ. ನೀಲಿಯೇ.

ಅಜ್ಜಿ ಗೌರಿಯ ತಲೆಗೆ ಮುಖವಿಟ್ಟರು. ಆಮೇಲೆ ಎದ್ದು, "ಮಾಣಿ, ನಾಳೆ ದೋಸೆ ತಿಂಬಲೆ ಬಾ," ಎಂದರು.

ಈಗಲೂ ಟ್ಯೂಬ್ ಕೆಂಪಾದರೆ ನಾನು ಮೊದಲು ನನ್ನ ಬಾಯಿ ಮುಚ್ಚುತ್ತೇನೆ, ಆಮೇಲೆ ಇನ್ನೊಂದು ಗ್ಲಾಸು ತೊಳೆಯುತ್ತೇನೆ. ಕೆಂಪು ಕಾಯಿಲೆಯ ಹೆಸರಲ್ಲ, ಮತ್ತೊಮ್ಮೆ ನೋಡು ಎಂಬ ಮಾತು ಅಷ್ಟೇ. ಆ ದಿನ ಹೊರಡುವಾಗ ಗೌರಿ ಮಾತ್ರ ಬಾವಿಕಟ್ಟೆಯ ಹತ್ತಿರ ನಿಂತು ಗಂಭೀರವಾಗಿ ಕೇಳಿದ್ದಳು:

"ಪಾಪ, ಬಾವಿಗೆ ಸೂಜಿ ಹಾಕ್ತ್ರಾ?"