ನಮ್ಮ ಶವರ್, ಅವರ ಗೋಡೆ

ಕೃಷ್ಣಮೂರ್ತಿಪುರಂನ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹಿಂದೆ ಯಾರೋ ಅಣ್ಣತಮ್ಮಂದಿರು ಜೋಡಿಯಾಗಿ ಕಟ್ಟಿಸಿ, ಆಮೇಲೆ ಬೇರೆ ಬೇರೆಯವರಿಗೆ ಮಾರಿದ ಹಳೆಯ ಮನೆಗಳವು. ಈ ಕಡೆ ನಾನು, ನನ್ನ ಗಂಡ, ನಮ್ಮ ಅತ್ತೆ. ಆ ಕಡೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಟೀಚರ್ ಒಬ್ಬರೇ. ಎದುರು ಸಿಕ್ಕಾಗ ಒಂದು ನಗು, ಹಬ್ಬಕ್ಕೆ ಒಂದು ಡಬ್ಬಿ ಪಾಯಸ, ನಮ್ಮ ಸ್ನೇಹ ಅಷ್ಟಕ್ಕೇ ನಿಂತಿತ್ತು.

ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತಿದ್ದರು.

“ತಿಂಡಿ ಆದ್ಮೇಲೆ ಸ್ವಲ್ಪ ಬರ್ತೀರಾ? ನಮ್ಮನೆ ಗೋಡೆ ತೋರಿಸ್ಬೇಕಿತ್ತು.”

ಒಲೆ ಆರಿಸಿ ಆಗಲೇ ಹೋದೆ. ಅವರ ಮಲಗುವ ಕೋಣೆಯಲ್ಲಿ ಗೋಡೆಯೊಳಗೇ ಕೂರಿಸಿದ ಮರದ ಬೀರು. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಹಿಂದಿನ ಗಾರೆ ಹಪ್ಪಳದ ಹಾಗೆ ಉಬ್ಬಿತ್ತು. ಕೆಳಗಿನ ಹಲಗೆಯ ಮೇಲೆ ಜೋಡಿಸಿದ್ದ ರೇಷ್ಮೆ ಸೀರೆಗಳು ತಣ್ಣಗೆ, ತೇವವಾಗಿದ್ದವು. ಗೋಡೆಯ ಆಚೆ ಏನಿದೆ ಎಂದು ಲೆಕ್ಕ ಹಾಕಿದೆ. ನಮ್ಮ ಬಚ್ಚಲುಮನೆ. ಮುಖ ಬಿಸಿಯಾಯಿತು. ಟೀಚರ್ ಮಾತ್ರ, “ನೀವೇನು ಬೇಕಂತ ಮಾಡಿದ್ರಾ? ಮೊದ್ಲು ಎಲ್ಲಿಂದ ಬರ್ತಿದೆ ನೋಡೋಣ,” ಎಂದರು.

ನನ್ನ ಗಂಡ ಒಪ್ಪಲಿಲ್ಲ. “ಶವರ್ ಸರಿಯಾಗೇ ಇದೆ ಕಣೇ. ಇದು ತಾರಸಿಯಿಂದ ಇಳಿದಿರೋ ಮಳೆನೀರು,” ಎಂದು ಭಾನುವಾರವಿಡೀ ತಾರಸಿಯ ಬಿರುಕುಗಳಿಗೆ ನೀರು ತಡೆಯುವ ಬಿಳಿ ಬಣ್ಣ ಬಳಿದರು. ಇಳಿದು ಬಂದಾಗ ಬಿರುಕಿಗಿಂತ ಅವರ ಪಾದಕ್ಕೇ ಹೆಚ್ಚು ಬಣ್ಣ ಹತ್ತಿತ್ತು. ಮಳೆ ನಿಂತು ವಾರಗಳಾದರೂ ಗೋಡೆ ಒಣಗಲಿಲ್ಲ. ಕೊನೆಗೆ ಪ್ಲಂಬರಿಗೆ ಫೋನ್ ಮಾಡಿದೆವು. “ಹೂಟಗಳ್ಳಿ ಹತ್ರ ಇದೀನಿ ಸಾರ್, ಈಗ ಬಂದ್ಬುಟ್ಟೆ,” ಎಂದವನು ಬಂದದ್ದು ಮಾರನೆಯ ದಿನ ಮಧ್ಯಾಹ್ನ.

ಟೀಚರ್ ತಮ್ಮ ಬೀರು ಖಾಲಿ ಮಾಡಿ ಗೋಡೆಗೆ ಕೈಯಿಟ್ಟು ನಿಂತರು. ನಾವು ಈ ಕಡೆ ನಿಂತೆವು. ಪ್ಲಂಬರ್ ಕೆಳಗಿನ ನಲ್ಲಿ ತಿರುಗಿಸಿದ. ಏನೂ ಇಲ್ಲ. ಶವರ್ ಬಿಟ್ಟು ಸ್ವಲ್ಪ ಹೊತ್ತು ಕಾದ.

“ಬಂತು ಕಣ್ರೀ, ಜಿನುಗ್ತಾ ಇದೆ,” ಎಂದು ಗೋಡೆಯೊಳಗಿಂದ ದನಿ ಬಂತು.

“ಇಷ್ಟು ಚೆನ್ನಾಗಿ ಕೇಳ್ಸುತ್ತಾ?” ನನ್ನ ಗಂಡ ಬೆರಗಾದರು.

“ಎಲ್ಲಾ ಕೇಳ್ಸುತ್ತೆ. ನೀವು ದಿನಾ ಸ್ನಾನ ಮಾಡ್ತಾ ಹಾಡ್ತೀರಲ್ಲ, ಎರಡನೇ ಚರಣ ಮರೆತುಬಿಡ್ತೀರಿ.”

ಪ್ಲಂಬರ್ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಂಡ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ನನ್ನ ಗಂಡ ಮಾತ್ರ ಶವರನ್ನೇ ದಿಟ್ಟಿಸಿ ನೋಡುತ್ತಾ ನಿಂತಿದ್ದರು.

ಟೈಲ್ಸ್ ಒಡೆದಾಗ ಶವರಿಗೆ ಹೋಗುವ ಕಬ್ಬಿಣದ ಪೈಪು ತಿರುವಿನಲ್ಲಿ ತುಕ್ಕು ತಿಂದು ತೂತಾಗಿದ್ದು ಕಂಡಿತು. ಹೊಸ ಪೈಪು ಹಾಕುವುದು ಬೇಗ ಮುಗಿಯಿತು. ಆದರೆ ಒಡೆದ ಹಸಿರು ಟೈಲ್ಸಿಗೆ ಜೋಡಿ ಊರಲ್ಲೆಲ್ಲೂ ಸಿಗಲಿಲ್ಲ. ಹುಡುಕಾಟ ಮುಗಿಯುವವರೆಗೂ ನಮ್ಮ ಸ್ನಾನ ಟೀಚರ್ ಮನೆಯಲ್ಲಿ.

“ಬೇರೆಯವರ ಮನೇಲಿ ಹೇಗಮ್ಮ ಸ್ನಾನ ಮಾಡೋದು?” ಎಂದು ಮೊದಲ ದಿನ ಅತ್ತೆ ಹಿಂಜರಿದರು. ಎರಡನೆಯ ದಿನ ಸ್ನಾನಕ್ಕೆ ಹೋದವರು ಕಾಫಿ ಕುಡಿದು ಬಂದರು. ಆಮೇಲಾಮೇಲೆ ತಿಂಡಿಯೂ ಅಲ್ಲೇ ಆಗುತ್ತಿತ್ತು.

ಸೀರೆಗಳನ್ನು ನಮ್ಮ ತಾರಸಿಯ ನೆರಳಲ್ಲಿ ಹರವಿದೆವು. ಹೆಚ್ಚಿನವು ವಾಸನೆ ಕಳೆದುಕೊಂಡು ಚೆನ್ನಾದವು. ಗಿಳಿಹಸಿರಿನ ಮೈಸೂರು ಸಿಲ್ಕ್ ಸೀರೆಗೆ ಮಾತ್ರ ಕಂದು ಕಲೆ ಹತ್ತಿತ್ತು. ಅದು ಟೀಚರ್ ಮೊದಲ ಸಂಬಳದಲ್ಲಿ ಕೊಂಡಿದ್ದಂತೆ. ನನಗೆ ಸಂಕಟವಾಗಿ ಸರಸ್ವತಿಪುರಂನ ಡ್ರೈಕ್ಲೀನಿಂಗ್ ಅಂಗಡಿಗೆ ಕೊಟ್ಟು ಬಂದೆ. ಕಲೆ ಮಸುಕಾಯಿತೇ ಹೊರತು ಹೋಗಲಿಲ್ಲ. ಕಲೆ ಕಾಣದ ಹಾಗೆ ಮಡಚಿ ವಾಪಸ್ ಕೊಟ್ಟೆ.

ಟೀಚರ್ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಕಲೆ ನೆರಿಗೆ ಒಳಗೆ ಹೋಗುತ್ತೆ ಬಿಡಿ. ಇಷ್ಟು ವರ್ಷ ಬೀರುನಲ್ಲಿಟ್ಟು ಏನು ಸಾಧಿಸ್ದೆ? ಇನ್ಮೇಲೆ ಉಡ್ತೀನಿ.”

ಮುಂದಿನ ವಾರವೇ ಅದನ್ನುಟ್ಟು ಬ್ಯಾಂಕಿಗೆ ಹೊರಟಿದ್ದರು.

ಹಳೆಯ ಗೋಡೆ ಒಣಗಲು ಬೇಸಿಗೆಯೇ ಬರಬೇಕಾಯಿತು. ಆಮೇಲೆ ಗಾರೆ ಮೆತ್ತಿಸಿ, ಸುಣ್ಣ ಹೊಡೆಸಿಕೊಟ್ಟೆವು. ನಮ್ಮ ಬಚ್ಚಲಲ್ಲೀಗ ಹಸಿರಿನ ನಡುವೆ ನಾಲ್ಕು ಬಿಳಿ ಟೈಲ್ಸ್. ಶವರ್ ಸೋರುತ್ತಿಲ್ಲ. ಅತ್ತೆ ಮಾತ್ರ ಬೆಳಗಾದರೆ ಟವೆಲ್ ಹೆಗಲಿಗೆ ಹಾಕಿಕೊಂಡು ಆ ಕಡೆಗೇ ಹೋಗುತ್ತಾರೆ. ಮೊನ್ನೆ ಊಟಕ್ಕೆ ಕರೆಯಲು ಹೋದರೆ ಇಬ್ಬರೂ ಚಾಪೆಯ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು. ಅತ್ತೆಗೆ ಇಸ್ಪೀಟು ಬರುತ್ತದೆ ಎಂದು ಅವರ ಮಗನಿಗೂ ಗೊತ್ತಿರಲಿಲ್ಲ.

“ಈ ಆಟ ಮುಗೀಲಿ, ಬರ್ತೀನಿ ಕಣಮ್ಮ,” ಎಂದರು ಎಲೆಯಿಂದ ಕಣ್ಣೆತ್ತದೆ.