ನನ್ನ ಹೆಜ್ಜೆ ಓದಿದ ಚಾಚಾ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ನಾನು ಹೇಳದಿದ್ದರೆ ಇದನ್ನು ಓದಿದ ನಮ್ಮಕ್ಕ ಸಂಪಾದಕರಿಗೇ ಕಾಗದ ಬರೆದು ಹೇಳುತ್ತಾಳೆ. ೧೯೭೬ರ ಜುಲೈ ತಿಂಗಳಲ್ಲಿ, ದುಬೈ ಎಂಬ ಊರಿನಲ್ಲಿ, ಕುಂಟುತ್ತ ಹೋಗುತ್ತಿದ್ದ ಮುದುಕರೊಬ್ಬರ ಹಿಂದೆ ನಾನೂ ಕುಂಟುತ್ತ ಹೋದೆ. ನೋವಿದ್ದು ಕುಂಟಿದ್ದಲ್ಲ, ಇಬ್ಬರನ್ನು ನಗಿಸುವುದಕ್ಕೆ. ಮಾರನೆಯ ದಿನ ಆ ಮುದುಕರ ಕಾಲಿಗೇ ನಾನು ಜೀವಮಾನವಿಡೀ ಋಣಿಯಾಗಿ ಉಳಿದೆ.

ನಾನು ರಾಜಾಜಿನಗರದವನು. ಓದಿನಲ್ಲಿ ಹಿಂದೆ, ಅಣಕಿಸುವುದರಲ್ಲಿ ಮುಂದೆ. ಸಿಟಿ ಬಸ್ಸಿನ ಕಂಡಕ್ಟರು, ನಮ್ಮ ಲೆಕ್ಕದ ಮೇಷ್ಟ್ರು, ಪಕ್ಕದ ಮನೆಯ ಆಂಟಿ ಹಾಲಿನವನ ಜೊತೆ ಜಗಳ ಆಡುವುದು, ಎಲ್ಲವನ್ನೂ ಮಾಡುತ್ತಿದ್ದೆ. ಯಾರೂ ಸಿಗದಿದ್ದರೆ ಕನ್ನಡಿ ಮುಂದೆ ನಿಂತು ನನ್ನನ್ನೇ ಮಾಡುತ್ತಿದ್ದೆ. ಅದೊಂದು ಮಾತ್ರ ಯಾವತ್ತೂ ಸರಿಯಾಗಿ ಬರಲಿಲ್ಲ.

ಅಕ್ಕನನ್ನು ದುಬೈಯಲ್ಲಿ ಕಟ್ಟಡದ ಕೆಲಸ ಮಾಡಿಸುವ ಎಂಜಿನಿಯರಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾಗಿದ್ದವಳನ್ನು ಡಾಕ್ಟರು ವಿಮಾನ ಹತ್ತಬಾರದೆಂದು ತಡೆದರು. ಸರಿ, ತವರೇ ಅಲ್ಲಿಗೆ ಹೋಗಲಿ ಎಂದು ಭಾವ ಅಮ್ಮನಿಗೂ, ಅವಳನ್ನು ಕರೆದುಕೊಂಡು ಹೋಗಲು ನನಗೂ ಏರ್ಪಾಟು ಮಾಡಿದ್ದರು. ಹೊರಡಲು ವಾರವಿದೆ ಎನ್ನುವಾಗ ಅಮ್ಮ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು. ಹೀಗೆ ಬಾಣಂತನಕ್ಕೆ ಹೋಗಬೇಕಾದ ಅಮ್ಮನ ಬದಲು ಬೆಲ್‌ಬಾಟಮ್ ಪ್ಯಾಂಟು, ನಾಲ್ಕು ಬೆರಳೆತ್ತರದ ಹಿಮ್ಮಡಿಯ ಬೂಟು ಹಾಕಿಕೊಂಡ ನಾನು ಹೊರಟೆ. ಪೆಟ್ಟಿಗೆಯಲ್ಲಿ ಬಜೆ, ಓಮ, ವಿಭೂತಿ ಗಟ್ಟಿ, ಒಂದು ಡಬ್ಬಿ ಅಂಟಿನ ಉಂಡೆ.

ಪೆಟ್ಟಿಗೆಗೆ ಸೇರದ ವಸ್ತು ಒಂದಿತ್ತು. ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಅದಕ್ಕೆ ಲಿಂಗ ಕಟ್ಟುತ್ತಾರೆ. ಅಮ್ಮ ದಾವಣಗೆರೆ ಕಡೆಯ ಮಠಕ್ಕೆ ಹೋಗಿ, ಸ್ವಾಮಿಗಳ ಕೈಯಿಂದಲೇ ಪೂಜೆ ಮಾಡಿಸಿ ತಂದಿದ್ದ ಪುಟ್ಟ ಲಿಂಗ ಅದು. ತನ್ನ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಒಂದು ಚೂರು ಕತ್ತರಿಸಿ ಅದರಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟಳು. ಮುರಿದ ಕೈ ಕೊರಳಿಗೆ ನೇತುಬಿದ್ದಿತ್ತು.

"ಮೈ ಮ್ಯಾಲೆ ಇಟ್ಕೊಂಡು ಹೋಗಪ, ಪೆಟ್ಟಿಗ್ಯಾಗೆ ಇಡಬ್ಯಾಡ. ನನ್ ಕಡೆಯಿಂದ ಕೂಸಿಗೆ ಹೋಗ್ತಿರೋದು ಇದೊಂದೇ."

ಅಂಗಿಯ ಜೇಬಿಗೆ ಹಾಕಿಕೊಂಡೆ. ಆಗ ನನ್ನ ಸ್ವಂತ ಲಿಂಗ ದೇವರ ಮನೆಯ ಗೂಟದಲ್ಲಿ ನೇತಾಡುತ್ತಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಅಮ್ಮನಿಗೆ ಗೊತ್ತು.

ನಾನು ಬೊಂಬಾಯಿಯಲ್ಲಿ ವಿಮಾನ ಹತ್ತುವ ಹೊತ್ತಿಗೆ ಅಕ್ಕನಿಗೆ ಹೆಣ್ಣು ಮಗು ಹುಟ್ಟಿಯಾಗಿತ್ತು. ಇಳಿದ ದಿನ ಆಸ್ಪತ್ರೆಗೆ ಹೋಗಲಾಗಲಿಲ್ಲ. ನೋಡಲು ಬಿಡುವ ಹೊತ್ತು ಮುಗಿದಿತ್ತು. ಭಾವ ನನ್ನನ್ನು ಮನೆಗೆ ಕರೆದೊಯ್ದರು. ಮೂರನೇ ಮಹಡಿ. ಊರೇ ನಿನ್ನೆ ಅಂಗಡಿಯಿಂದ ತಂದು ಇಟ್ಟ ಹಾಗಿತ್ತು. ಹೊಸ ಕಟ್ಟಡ, ಪಕ್ಕದಲ್ಲಿ ಬರೀ ಮರಳು, ಮತ್ತೆ ಹೊಸ ಕಟ್ಟಡ, ಮತ್ತೆ ಮರಳು. ರಸ್ತೆಗಳು ಚೆನ್ನಾಗಿ ಬಂದು ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿದ್ದವು, ನನ್ನ ಓದಿನ ಹಾಗೆ.

ಸಂಜೆ ಕೆಳಗೆ ಕಟ್ಟಡದ ಮುಂದೆ ಭಾವನ ಜೊತೆ ಕೆಲಸ ಮಾಡುವ ಇಬ್ಬರು ಕುಳಿತಿದ್ದರು, ಊರಿನಿಂದ ಬಂದ ಹುಡುಗನನ್ನು ನೋಡಲು. ನನಗೆ ಅಷ್ಟು ಸಾಕು. ಕಂಡಕ್ಟರಿಂದ ಶುರುಮಾಡಿ ವಿಮಾನದ ಗಗನಸಖಿಯವರೆಗೆ ಎಲ್ಲರನ್ನೂ ಮಾಡಿದೆ. ಆಗಲೇ ಆ ಮುದುಕರು ಬಂದದ್ದು. ಎದುರಿಗೆ ಕಟ್ಟುತ್ತಿದ್ದ ಕಟ್ಟಡಕ್ಕೆ ಕಾವಲುಗಾರರು. ಆ ಊರಿನವರೇ. ಉದ್ದನೆಯ ಬಿಳಿ ಅಂಗಿ, ತಲೆಗೆ ಸುತ್ತಿದ ಬಟ್ಟೆ. ಎಲ್ಲರೂ ಸಾಲೆಂ ಚಾಚಾ ಎನ್ನುತ್ತಿದ್ದರು. ನಮ್ಮ ಕಟ್ಟಡದ ನಲ್ಲಿಯಲ್ಲಿ ಕ್ಯಾನಿಗೆ ನೀರು ಹಿಡಿದುಕೊಂಡು ಮರಳಿನ ಮೇಲೆ ಕಾಲೆಳೆಯುತ್ತ ಹೊರಟರು. ನಾನು ಎದ್ದು, ಮೂರು ಮಾರು ಹಿಂದೆ, ಇಲ್ಲದ ಕ್ಯಾನು ಹಿಡಿದು, ಕಾಲೆಳೆಯುತ್ತ ಹೊರಟೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಭಾವ ನಗಲಿಲ್ಲ.

ಚಾಚಾ ನಿಂತರು. ತಿರುಗಿದರು. ನಾನು ಥಟ್ಟನೆ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದೆ. ನನ್ನ ಬೂಟಿಗೆ ಲೇಸೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಭಾವ ಕೆಲಸಕ್ಕೆ ಹೊರಡುವಾಗ ಒಂದೇ ಮಾತು ಹೇಳಿದ್ದರು: "ನಾಲ್ಕು ಗಂಟೆಗೆ ಕಾರು ತರ್ತೀನಿ, ಒಟ್ಟಿಗೆ ಆಸ್ಪತ್ರೆಗೆ ಹೋಗೋಣ. ಅಲ್ಲೀವರ್ಗೂ ಬಾಗಿಲು ದಾಟ್ಬೇಡ ಸೋಮು. ಇದು ಬೆಂಗಳೂರಲ್ಲ."

ಮಧ್ಯಾಹ್ನ ಒಂದಕ್ಕೆ ಕಿಟಕಿಯಿಂದ ನೋಡಿದರೆ ಆಸ್ಪತ್ರೆ ಕಾಣಿಸುತ್ತಿತ್ತು. ಬೆಳ್ಳಗೆ, ಸ್ಪಷ್ಟವಾಗಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾವು ರಾಜಾಜಿನಗರದವರು ದೂರವನ್ನು ಮೈಲಿಯಲ್ಲಿ ಅಳೆಯುವುದಿಲ್ಲ, 'ಇಲ್ಲೇ' ಮತ್ತು 'ಸ್ವಲ್ಪ ಮುಂದೆ' ಎಂದು ಅಳೆಯುತ್ತೇವೆ. ಹೆಚ್ಚೆಂದರೆ ರಾಮಮಂದಿರದಿಂದ ಮಾಗಡಿ ರಸ್ತೆ ಟೋಲ್‌ಗೇಟಿನಷ್ಟು ಅಂದುಕೊಂಡೆ. ದಿನಾ ಮಲ್ಲೇಶ್ವರಕ್ಕೆ ನಡೆದು ಹೋಗಿ ದೋಸೆ ತಿಂದು ಬರುವವನು ಕಾರಿಗೆ ಕಾಯುವುದೇ? ಮೊದಲೇ ಹೋಗಿ ಬಾಗಿಲಲ್ಲಿ ನಿಂತಿರಬೇಕು, ಭಾವ ಬಂದಾಗ ಅವರ ಮುಖ ನೋಡಬೇಕು, ಆಮೇಲೆ ಆ ಮುಖವನ್ನು ಊರಿನಲ್ಲಿ ಮಾಡಿ ತೋರಿಸಬೇಕು. ಜೇಬು ಮುಟ್ಟಿ ನೋಡಿಕೊಂಡೆ. ಗಂಟು ಇತ್ತು. ಹೊರಟೆ. ತಲೆಗೆ ಬಟ್ಟೆಯಿಲ್ಲ, ಕೈಯಲ್ಲಿ ನೀರಿಲ್ಲ.

ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅಲ್ಲಿ ಮಧ್ಯಾಹ್ನ ಊರಿಗೆ ಊರೇ ಮಲಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂರನೆಯ ಕಟ್ಟಡ ದಾಟಿದ ಮೇಲೆ ರಸ್ತೆ ಮುಗಿಯಿತು. ಅಡ್ಡ ಹಾಯ್ದರೆ ಹತ್ತಿರವೆಂದು ಮರಳಿಗಿಳಿದೆ. ಆಸ್ಪತ್ರೆ ನಾನು ನಡೆದಷ್ಟೂ ಹಿಂದೆ ಹಿಂದೆ ಹೋಗುತ್ತಿತ್ತು. ಒಮ್ಮೆ ಯಾವುದೋ ಗೋಡೆಯ ಹಿಂದೆ ಮರೆಯಾಯಿತು, ಆಮೇಲೆ ಬಲಗಡೆ ಕಾಣಿಸಿತು. ನನ್ನ ಘನವಾದ ಬೂಟು ಹೆಜ್ಜೆಹೆಜ್ಜೆಗೂ ಹೂತುಕೊಳ್ಳುತ್ತಿತ್ತು. ಒಂದು ಕಡೆ ಕುಳಿತು, ಬಗ್ಗಿ, ಬೂಟು ಬಿಚ್ಚಿ ಮರಳು ಕೊಡವಿದೆ. ಬರಿಗಾಲು ನೆಲಕ್ಕೆ ತಾಗಿದಾಗ ಕಾವಲಿಯ ಮೇಲೆ ದೋಸೆಗೆ ಏನಾಗುತ್ತದೆಂದು ತಿಳಿಯಿತು.

ಇನ್ನಷ್ಟು ದೂರ ಹೋದ ಮೇಲೆ ಬೆವರು ನಿಂತುಹೋಯಿತು. ಒಳ್ಳೆಯದಾಯಿತು, ಮೈ ಒಗ್ಗಿತು ಎಂದುಕೊಂಡೆ. ಅಷ್ಟು ದಡ್ಡ. ತಲೆಯೊಳಗೆ ಯಾರೋ ತಮಟೆ ಬಾರಿಸುತ್ತಿದ್ದರು. ಎಲ್ಲೋ ದೂರದಲ್ಲಿ ಒಂದು ಲಾರಿ ಹೋಯಿತು. ಕೂಗಬೇಕೆಂದು ಬಾಯಿ ತೆರೆದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನೂರು ಜನರ ದನಿ ತೆಗೆಯುವವನಿಗೆ ತನ್ನದೊಂದು ದನಿ ಹೊರಡಲಿಲ್ಲ. ಮರಳಿಗೆ ಬಿದ್ದೆ. ಆಮೇಲಿನದು ಗೊತ್ತಿಲ್ಲ.

ಎಚ್ಚರವಾದಾಗ ನಾನೊಂದು ದೊಡ್ಡ ಸಿಮೆಂಟ್ ಪೈಪಿನೊಳಗೆ ಮಲಗಿದ್ದೆ. ಚರಂಡಿಗೆಂದು ತಂದು ಹಾಕಿದ್ದವು ಅವು. ಕಣ್ಣಿನ ಮೇಲೆ ಒದ್ದೆ ಬಟ್ಟೆ. ಯಾರೋ ತುಟಿಗೆ ಮುಚ್ಚಳದಲ್ಲಿ ನೀರು ಹನಿಸುತ್ತಿದ್ದರು. ಕ್ಯಾನು ಕಸಿದುಕೊಳ್ಳಲು ಹೋದೆ, ಕೈಮೇಲೆ ಒಂದು ಏಟು ಬಿತ್ತು.

"ನಿಧಾನ. ಒಟ್ಟಿಗೆ ಕುಡಿದರೆ ವಾಂತಿ ಆಗುತ್ತೆ."

ಬಟ್ಟೆಯ ಅಂಚು ಸರಿಸಿ ನೋಡಿದರೆ ಸಾಲೆಂ ಚಾಚಾ. ಬಟ್ಟೆಯನ್ನು ಮತ್ತೆ ಕಣ್ಣಿಗೆ ಎಳೆದುಕೊಂಡೆ. ಅವರ ಹಿಂದಿ ಬೊಂಬಾಯಿ ಬಂದರಿನದು, ನನ್ನದು ಬಾಪೂಜಿನಗರದ ಹಣ್ಣಿನ ಗಾಡಿಯವರಿಂದ ಕಲಿತದ್ದು. ಎರಡಕ್ಕೂ ವ್ಯಾಕರಣವಿಲ್ಲದ್ದರಿಂದ ಚೆನ್ನಾಗಿ ಹೊಂದಿಕೊಂಡವು. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾನು ಬರಿತಲೆಯಲ್ಲಿ ಮರಳಿಗಿಳಿದದ್ದನ್ನು ಅವರು ತಮ್ಮ ತಗಡಿನ ಶೆಡ್ಡಿನಿಂದ ನೋಡಿದ್ದರಂತೆ. ಈ ಹುಚ್ಚ ಈಗ ವಾಪಸ್ ಬರ್ತಾನೆ, ಈಗ ಬರ್ತಾನೆ ಎಂದು ಕಾದು, ಬಾರದಿದ್ದಾಗ ಕ್ಯಾನು ಎತ್ತಿಕೊಂಡು ಹಿಂದೆ ಬಂದು, ಬಿದ್ದಿದ್ದ ನನ್ನನ್ನು ಹತ್ತಿರದ ಪೈಪಿನ ನೆರಳಿಗೆ ಎಳೆದು ತಂದಿದ್ದರು. ನಿಮ್ಮ ದೇಶ ನನಗೆ ಗೊತ್ತು ಎಂದರು. ವಯಸ್ಸಿನಲ್ಲಿ ಮರದ ಹಡಗಿನಲ್ಲಿ ಮಂಗಳೂರಿಗೆ ಬಂದು ಹಂಚು, ಮರ ತುಂಬಿಕೊಂಡು ಹೋಗುತ್ತಿದ್ದರಂತೆ. ಒಂದು ಸಲ ದಿಮ್ಮಿ ಏರಿಸುವಾಗ ಹಗ್ಗ ತುಂಡಾಗಿ ಕಾಲ ಮೇಲೆ ಬಿತ್ತಂತೆ. ನಗುತ್ತಲೇ ಹೇಳಿದರು. ಕಣ್ಣ ಮೇಲೆ ಬಟ್ಟೆ ಇದ್ದದ್ದು ನನ್ನ ಪುಣ್ಯ, ಅವರ ಮುಖ ನೋಡುವುದು ತಪ್ಪಿತು.

ಆಗ ಜೇಬಿಗೆ ಕೈ ಹೋಯಿತು. ಗಂಟು ಇರಲಿಲ್ಲ.

ಇನ್ನೊಂದು ಜೇಬು ನೋಡಿದೆ. ಪ್ಯಾಂಟಿನ ಜೇಬು ನೋಡಿದೆ. ಪೈಪಿನೊಳಗೆ ತಡಕಾಡಿದೆ. ಕೊರಳಿಗೆ ಕೈ ಕಟ್ಟಿಕೊಂಡು ನಿಂತಿದ್ದ ಅಮ್ಮ ಕಣ್ಣ ಮುಂದೆ ಬಂದಳು. ಲಿಂಗ ಕಳೆದುಕೊಂಡೆ ಎಂದು ಅವಳಿಗೆ ಯಾವ ದನಿಯಲ್ಲಿ ಹೇಳುವುದು? ಎದ್ದು ಹೊರಡಲು ಹೋಗಿ ಅಲ್ಲೇ ಕುಸಿದೆ. ಆಮೇಲೆ ಇಪ್ಪತ್ತೆರಡು ವರ್ಷದ ನಾನು ಚಿಕ್ಕ ಮಗುವಿನ ಹಾಗೆ ಅತ್ತೆ. ಏನು, ಹಣವೇ ಎಂದು ಚಾಚಾ ಕೇಳಿದರು. ಅಲ್ಲ, ಅಮ್ಮ ಕಳಿಸಿದ್ದು, ಅಕ್ಕನ ಮಗುವಿನ ಕೊರಳಿಗೆ ಕಟ್ಟಬೇಕಾದ ನಮ್ಮ ದೇವರು, ಕೆಂಪು ಬಟ್ಟೆಯ ಗಂಟು ಎಂದೆ.

ಅವರು ಕ್ಯಾನನ್ನು ನನ್ನ ಕೈಗೆ ಸಿಗುವಂತೆ ಇಟ್ಟರು. ತಲೆಯ ಬಟ್ಟೆ ಬಿಗಿ ಮಾಡಿಕೊಂಡು ಆ ಬೆಂಕಿಯೊಳಕ್ಕೆ ಕಾಲೆಳೆಯುತ್ತ ಹೊರಟರು.

ಎಷ್ಟು ಹೊತ್ತಾಯಿತೋ. ಪೈಪಿನ ನೆರಳು ಒಂದು ಗೇಣು ಸರಿದಿತ್ತು. ಮರಳಿನ ಮೇಲೆ ಕಾಲೆಳೆಯುವ ಸದ್ದು ಕೇಳಿಸಿತು. ಹಿಂದಿನ ಸಂಜೆ ನಾನು ಆಡಿಕೊಂಡ ಅದೇ ಸದ್ದು. ಅಂಥ ಇಂಪಾದ ಸದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದರು. ನಡುವೆ ಇಳಕಲ್ ಸೆರಗಿನ ಚೂರು. ಅಮ್ಮ ಹಾಕಿದ ಗಂಟು ಹಾಗೆಯೇ ಇತ್ತು, ಬಿಚ್ಚಿ ನೋಡಿರಲಿಲ್ಲ.

ಹೇಗೆ ಸಿಕ್ಕಿತು ಎಂದು ಕೇಳಿದೆ. ನನ್ನ ಬೂಟಿನ ಗುರುತನ್ನು ಕುರುಡನೂ ಹಿಡಿಯಬಹುದು ಎಂದರು. ಒಂದು ಕಡೆ ಕುಳಿತ ಗುರುತು, ಪಕ್ಕದಲ್ಲಿ ಒಂದು ಬರಿಗಾಲು. ಇಲ್ಲಿ ಬಗ್ಗಿದ್ದಾನೆ, ಬಿದ್ದಿದ್ದರೆ ಇಲ್ಲೇ ಬಿದ್ದಿರಬೇಕು ಎಂದು ಕೈಯಾಡಿಸಿದರಂತೆ. ಎರಡಂಗುಲ ಮರಳಿನ ಕೆಳಗಿತ್ತು.

ನನ್ನ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು ಶೆಡ್ಡಿನವರೆಗೆ ನಡೆಸಿದರು. ಇಬ್ಬರೂ ಕುಂಟುತ್ತಿದ್ದೆವು, ಈ ಸಲ ನನ್ನದೂ ನಿಜವಾದ ಕುಂಟು. ನಾಲ್ಕಕ್ಕೆ ಬಂದ ಭಾವ ಬೈಯಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅತ್ತೆಗೆ ನಾನ್ ಏನ್ ಹೇಳ್ಬೇಕಾಗಿತ್ತು ಸೋಮು?" ಎಂದರು ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಆಸ್ಪತ್ರೆಯಲ್ಲಿ ಅಕ್ಕ ನನ್ನ ಮುಖ ನೋಡಿ, "ಎರಡೇ ದಿನಕ್ಕೆ ಸುಟ್ಟ ಬದನೇಕಾಯಿ ಆಗಿದೀಯಲ್ಲೋ" ಎಂದಳು. ಭಾವ ಮಗುವಿನ ಹಣೆಗೆ ವಿಭೂತಿ ಹಚ್ಚಿ ಲಿಂಗ ಕಟ್ಟಿದರು. ಅಮ್ಮನ ಗಂಟನ್ನು ಬಿಚ್ಚಿದ್ದು ಅಕ್ಕ. ಬಿಚ್ಚುವಾಗ ಒಂದು ಚಿಟಿಕೆ ಮರಳು ಅವಳ ಮಡಿಲಿಗೆ ಬಿತ್ತು. ಅಕ್ಕ ನನ್ನ ಕಡೆ ನೋಡಿದಳು, ನಾನು ಭಾವನ ಕಡೆ ನೋಡಿದೆ, ಭಾವ ಕಿಟಕಿಯ ಕಡೆ ನೋಡಿದರು. ಆಮೇಲೆ ಎಲ್ಲವನ್ನೂ ಹೇಳಿದೆ.

ಆ ಮಗುವಿಗೆ ಈಗ ಎರಡು ವರ್ಷ. ಹೋದ ತಿಂಗಳು ರಾಜಾಜಿನಗರಕ್ಕೆ ಬಂದಿದ್ದಾಗ ತನ್ನ ಕೊರಳಿನ ದಾರ ಹಿಡಿದು ಎಳೆಯುತ್ತಿತ್ತು. ಅದನ್ನು ಬಿಡಿಸುವಾಗಲೆಲ್ಲ ಆ ಎರಡು ಅಂಗೈ ನೆನಪಾಗುತ್ತವೆ. ನನ್ನ ಲಿಂಗವೂ ಗೂಟದಿಂದ ಕೊರಳಿಗೆ ಬಂದಿದೆ. ಹುಡುಗರು, "ಮಗಾ, ಆ ದುಬೈ ಮುದುಕಪ್ಪನ ನಡಿಗೆ ಮಾಡೋ" ಎಂದರೆ ಆಗಲ್ಲ ಕಣ್ರೋ ಎನ್ನುತ್ತೇನೆ. ಒಳ್ಳೆಯವನಾಗಿಬಿಟ್ಟೆ ಎಂದು ಅವರು ತಿಳಿದಿದ್ದಾರೆ. ಪೂರ್ತಿ ನಿಜವಲ್ಲ. ಊರಿಗೆ ಹೊರಡುವ ದಿನ ಚಾಚಾ ಹೇಳಿದ ಮಾತೂ ಒಂದು ಕಾರಣ.

ಅವತ್ತು ಅಕ್ಕ ತನ್ನ ಅಂಟಿನ ಉಂಡೆಯಲ್ಲಿ ಅರ್ಧ ಡಬ್ಬಿ ಚಾಚಾನಿಗೆಂದು ಕೊಟ್ಟಳು. ಬಾಣಂತಿಯ ಉಂಡೆಯನ್ನು ಅವರು ಶೆಡ್ಡಿನ ಮುಂದೆ ಕುಳಿತು ಬಹಳ ಮರ್ಯಾದೆಯಿಂದ ತಿಂದರು. ಭಾವ ಪಕ್ಕದಲ್ಲೇ ನಿಂತಿದ್ದರು. ನಾನು ಚಾಚಾನ ಕಾಲ ಬಳಿ ಕುಳಿತೆ. ಮೂರು ವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು, ಯಾರ ದನಿಯನ್ನೂ ಎರವಲು ತರದೆ, ಹೇಳಿದೆ. ಚಾಚಾ, ನಾನು ಬಂದ ದಿನ ಸಂಜೆ ನಿಮ್ಮ ಹಿಂದೆ ನಿಮ್ಮ ಹಾಗೇ ಕುಂಟಿ ಎಲ್ಲರನ್ನೂ ನಗಿಸಿದೆ, ನೀವು ತಿರುಗಿದಾಗ ಸುಳ್ಳು ಲೇಸು ಕಟ್ಟಿದೆ, ಕ್ಷಮಿಸಿ ಎಂದೆ.

ಅವರು ಬೆರಳಿಗಂಟಿದ ಬೆಲ್ಲವನ್ನು ನೆಕ್ಕಿಕೊಂಡರು.

"ಗೊತ್ತು. ಮಾರನೇ ಬೆಳಿಗ್ಗೆ ಮರಳು ನೋಡಿದೆ. ನೀನು ಎಳೆದದ್ದು ಎಡಗಾಲು. ನಂದು ಬಲಗಾಲು."